ಕೆಮಿಸ್ಟ್ರಿ ಒಳ್ಳೆಯದು, ಕೆಮಿಕಲ್ ಕೆಟ್ಟದ್ದು

ಶುಕ್ರವಾರ ತೆರೆಕಂಡ ಸಿನಿಮಾದ ವಿಮರ್ಶೆ ಶನಿವಾರದ ಪುಟದಲ್ಲಿ ಬರುತ್ತದೆ. ಕಥೆ ಜಾಳು, ಹಾಡು ಸಪ್ಪೆ, ಎರಡನೇ ಅರ್ಧ ಎಳೆದಾಟ. ಆದರೂ ನಾಯಕ ನಾಯಕಿಯ ಕೆಮಿಸ್ಟ್ರಿ ಮಾತ್ರ ಸಖತ್ ವರ್ಕೌಟ್ ಆಗಿದೆ. ಅದೇ ಪುಟದ ಕೆಳಗೆ ಗಾಣದ ಎಣ್ಣೆಯದೋ ಬೆಲ್ಲದ್ದೋ ಜಾಹೀರಾತು ಇರುತ್ತದೆ: ‘ನೂರಕ್ಕೆ ನೂರು ಕೆಮಿಕಲ್ ಮುಕ್ತ’. ಮೇಲೆ ಹೊಗಳಿಕೆ, ಕೆಳಗೆ ಬೈಗುಳ. ಎರಡೂ ಒಂದೇ ಶಾಸ್ತ್ರದ ಹೆಸರಿನಲ್ಲಿ.

ಕ್ರಿಕೆಟ್ ಕಾಮೆಂಟರಿಯಲ್ಲಿ ಆರಂಭಿಕ ಜೋಡಿಗೆ ಕೆಮಿಸ್ಟ್ರಿ ಇರುತ್ತದೆ. ಚುನಾವಣೆ ಹತ್ತಿರ ಬಂದರೆ ಮೈತ್ರಿ ಪಕ್ಷಗಳಿಗೂ ಬರುತ್ತದೆ. ಹೆಣ್ಣು ನೋಡಿ ಬಂದ ಹುಡುಗ ವಾಪಸು ಬರುವಾಗ ಕಾರಿನಲ್ಲಿ ಕೂತು, ‘ಹುಡುಗಿ ಚೆನ್ನಾಗೇ ಇದಾಳಮ್ಮ, ಯಾಕೋ ಕೆಮಿಸ್ಟ್ರಿ ಇಲ್ಲ’ ಎನ್ನುತ್ತಾನೆ. ತಾಯಿಗೆ ಅರ್ಥವಾಗುತ್ತದೆ, ಸಮಾಧಾನವಾಗುವುದಿಲ್ಲ. ಇಲ್ಲೆಲ್ಲೂ ‘ರಸಾಯನಶಾಸ್ತ್ರ’ ಎನ್ನುವಂತಿಲ್ಲ. ಎಂದರೆ ಕೇಳಿದವರು ನಗುತ್ತಾರೆ. ರಸಾಯನ ಎಂದರಂತೂ ಕರಾವಳಿ, ಮಲೆನಾಡಿನವರಿಗೆ ಮೊದಲು ಬಾಯಲ್ಲಿ ನೀರೂರುತ್ತದೆ: ಹೆಚ್ಚಿದ ಬಾಳೆಹಣ್ಣು, ಬೆಲ್ಲ, ಕಾಯಿಹಾಲು, ಒಂದಿಷ್ಟು ಏಲಕ್ಕಿ, ಪಕ್ಕದಲ್ಲಿ ಒತ್ತುಶ್ಯಾವಿಗೆ. ಆಯುರ್ವೇದದ ವೈದ್ಯರಿಗೆ ಅದು ಮುಪ್ಪನ್ನು ದೂರ ಇಡುವ ಚಿಕಿತ್ಸೆ, ಶಾಸ್ತ್ರದ ಎಂಟು ಅಂಗಗಳಲ್ಲಿ ಒಂದು. ಇದೇ ಪದಕ್ಕೆ ‘ಇಕ’ ಸೇರಿ ರಾಸಾಯನಿಕವಾದೊಡನೆ ಅದು ಗೊಬ್ಬರದ ಚೀಲದ ಮೇಲೆ ಹೋಗಿ ಕೂತು ಕೆಟ್ಟ ಹೆಸರು ಪಡೆಯುತ್ತದೆ.

ಹೊಗಳಿಕೆಯ ಕೆಮಿಸ್ಟ್ರಿ, ಬೈಗುಳದ ಕೆಮಿಕಲ್ ಎರಡರ ಬುಡದಲ್ಲೂ ಇರುವುದು ಒಂದೇ ನಂಬಿಕೆ. ಗುಣ ಹುಟ್ಟಿನಿಂದ ಬರುತ್ತದೆ ಎಂಬುದು ಅದು. ಇಬ್ಬರ ನಡುವೆ ಸೆಳೆತ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ವಸ್ತು ಒಳ್ಳೆಯದಾದರೆ ಒಳ್ಳೆಯದು, ಕೆಟ್ಟದಾದರೆ ಕೆಟ್ಟದು. ರಸಾಯನಶಾಸ್ತ್ರವೂ ಒಂದು ಕಾಲದಲ್ಲಿ ಹೆಚ್ಚುಕಡಿಮೆ ಹೀಗೇ ನಂಬಿತ್ತು. ಇನ್ನೂರು ವರ್ಷಗಳ ಹಿಂದೆಯೇ ಆ ನಂಬಿಕೆಯನ್ನು ಅದು ಬಿಟ್ಟುಬಿಟ್ಟಿತು. ನಮ್ಮ ಮಾತು ಬಿಟ್ಟಿಲ್ಲ.

ಆ ಹಳೆಯ ನಂಬಿಕೆ ಹುಟ್ಟಿದ ಬಗೆ ತಿಳಿಯಲು ಪ್ಯಾರಿಸ್ಸಿಗೆ ಹೋಗುವ ಮೊದಲು ತೀರ್ಥಹಳ್ಳಿಯದೋ ಶಿರಸಿಯದೋ ಒಂದು ಅಡಿಕೆ ತೋಟಕ್ಕೆ ಹೋಗಬಹುದು. ಮಳೆ ಹಿಡಿಯುವ ಮುನ್ನ ಅಲ್ಲಿ ಕೊಳೆರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ. 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, 100 ಲೀಟರ್ ನೀರು: ಇದು ಬೋರ್ಡೋ ದ್ರಾವಣ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಿಗಾಗಿ 1880ರ ದಶಕದಲ್ಲಿ ರೂಪುಗೊಂಡ ಈ ಮದ್ದನ್ನು ಮಲೆನಾಡಿನ ಅಡಿಕೆಗೆ ಒಗ್ಗಿಸಿದವರು ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್. ಸುಣ್ಣ ಸಾಕಷ್ಟು ಬಿತ್ತೇ ಇಲ್ಲವೇ ಎಂದು ನೋಡಲು ತೋಟಿಗರು ಒಂದು ಉಪಾಯ ಮಾಡುತ್ತಾರೆ. ಉಜ್ಜಿ ಹೊಳಪು ಮಾಡಿದ ಕತ್ತಿಯನ್ನೋ ಚಾಕುವನ್ನೋ ದ್ರಾವಣಕ್ಕೆ ಅದ್ದಿ ತೆಗೆಯುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಹತ್ತಿತೋ, ಸುಣ್ಣ ಕಡಿಮೆ ಎಂದು ಅರ್ಥ. ಹಾಗೇ ಹೊಡೆದರೆ ಎಳೆಗಾಯಿ ಸುಡುತ್ತದೆ. ಇನ್ನಷ್ಟು ಸುಣ್ಣದ ತಿಳಿ ಸುರಿದು ಮತ್ತೆ ಅದ್ದಬೇಕು.

ಕತ್ತಿಯ ಮೇಲೆ ನಡೆದದ್ದು ಅದಲುಬದಲು. ನೀರಿನಲ್ಲಿ ಕರಗಿದ್ದ ತಾಮ್ರವನ್ನು ಕಬ್ಬಿಣ ಹೊರದಬ್ಬಿ ತಾನು ಆ ಜಾಗಕ್ಕೆ ಇಳಿಯಿತು. ಇದನ್ನೇ ಐಸಾಕ್ ನ್ಯೂಟನ್ ತನ್ನ ‘ಆಪ್ಟಿಕ್ಸ್’ ಗ್ರಂಥದ ಕೊನೆಯ ಪ್ರಶ್ನೆಗಳಲ್ಲಿ ಎತ್ತಿಕೊಂಡಿದ್ದ. ಆಮ್ಲದಲ್ಲಿ ಕರಗಿದ ಬೆಳ್ಳಿಯನ್ನು ತಾಮ್ರ ಹೊರಹಾಕುತ್ತದೆ, ತಾಮ್ರವನ್ನು ಕಬ್ಬಿಣ ಹೊರಹಾಕುತ್ತದೆ. ಆಮ್ಲಕ್ಕೆ ಒಂದಕ್ಕಿಂತ ಇನ್ನೊಂದರ ಮೇಲೆ ಸೆಳೆತ ಹೆಚ್ಚು ಎಂದಲ್ಲವೇ ಇದರರ್ಥ ಎಂಬುದು ಅವನ ಪ್ರಶ್ನೆ.

ಪ್ಯಾರಿಸ್ಸಿನ ಔಷಧ ವ್ಯಾಪಾರಿ ಮನೆತನದ ಎಟಿಯೆನ್ ಫ್ರಾಂಸ್ವಾ ಜೆಫ್ರಾ 1718ರಲ್ಲಿ ಇದಕ್ಕೊಂದು ಕೋಷ್ಟಕ ಮಾಡಿ ವಿಜ್ಞಾನ ಅಕಾಡೆಮಿಯ ಮುಂದಿಟ್ಟ. 16 ಸಾಲು, ಪ್ರತಿ ಸಾಲಿನ ನೆತ್ತಿಯಲ್ಲಿ ಒಂದು ವಸ್ತು, ಅದರ ಕೆಳಗೆ ಅದು ಯಾರನ್ನು ಹೆಚ್ಚು ಬಯಸುತ್ತದೋ ಅವರ ಹೆಸರುಗಳು, ಹತ್ತಿರದವರಿಂದ ದೂರದವರ ಕಡೆಗೆ. ಮೇಲಿರುವವನು ಬಂದರೆ ಕೆಳಗಿರುವವನು ಜಾಗ ಖಾಲಿ ಮಾಡಬೇಕು. ಜೆಫ್ರಾ ಇದನ್ನು ‘ಸೆಳೆತ’ ಎನ್ನದೆ ಬರೀ ‘ಸಂಬಂಧ’ ಎಂದು ಕರೆದ. ಆಗಿನ ಫ್ರೆಂಚ್ ವಿದ್ವಾಂಸರಲ್ಲಿ ಬಹುಪಾಲು ಜನರಿಗೆ ನ್ಯೂಟನ್ನನ ‘ಸೆಳೆತ’ ಎಂದರೆ ಮಾಟಮಂತ್ರದ ವಾಸನೆ ಹೊಡೆಯುತ್ತಿತ್ತು. ಮುಂದೆ ಸ್ವೀಡನ್ನಿನ ಉಪ್ಸಾಲದಲ್ಲಿ ಟೋರ್ಬೆರ್ನ್ ಬೆರ್ಗ್‌ಮನ್ 1775ರಲ್ಲಿ ಈ ಕೋಷ್ಟಕವನ್ನು ಬಹಳ ದೊಡ್ಡದು ಮಾಡಿದ. ಅವನಿಗೆ ಯಾವ ಅಳುಕೂ ಇರಲಿಲ್ಲ. ವಸ್ತುಗಳು ಆಯ್ಕೆ ಮಾಡುತ್ತವೆ ಎಂಬ ಅರ್ಥ ಬರುವ ಹೆಸರನ್ನೇ ಇಟ್ಟ. ಆದರೆ ಅವನ ಕೋಷ್ಟಕದಲ್ಲೇ ಒಂದು ಬಿರುಕಿತ್ತು. ನೀರಿನಲ್ಲಿ ಕಲಸಿದಾಗ ಒಂದು ಪಟ್ಟಿ, ಬೆಂಕಿಯಲ್ಲಿ ಕಾಯಿಸಿದಾಗ ಇನ್ನೊಂದು ಪಟ್ಟಿ ಕೊಡಬೇಕಾಗಿ ಬಂದಿತ್ತು. ಅದೇ ಜೋಡಿ, ಬೇರೆ ಫಲಿತಾಂಶ.

ಈ ಪಟ್ಟಿಯಿಂದ ಮನುಷ್ಯರ ಕಡೆಗೆ ಸೇತುವೆ ಕಟ್ಟಿದವನು ಜರ್ಮನಿಯ ಗಯಟೆ. ಬೆರ್ಗ್‌ಮನ್ನನ ಪರಿಭಾಷೆಯನ್ನೇ ಹೆಸರಾಗಿಟ್ಟು 1809ರಲ್ಲಿ ಒಂದು ಕಾದಂಬರಿ ಪ್ರಕಟಿಸಿದ. ಹಳ್ಳಿಯ ದೊಡ್ಡ ಮನೆಯಲ್ಲಿ ಎಡುವರ್ಡ್ ಮತ್ತು ಶಾರ್ಲೊಟ್ಟೆ ಎಂಬ ದಂಪತಿ. ಅವನ ಗೆಳೆಯನೊಬ್ಬ ಬಂದು ಸೇರುತ್ತಾನೆ, ಸೇನೆಯಲ್ಲಿ ಕ್ಯಾಪ್ಟನ್ ಆಗಿದ್ದವನು. ಒಂದು ಸಂಜೆ ಮಾತು ರಸಾಯನಶಾಸ್ತ್ರದತ್ತ ಹೊರಳುತ್ತದೆ. ಸುಣ್ಣಕಲ್ಲನ್ನು ಗಂಧಕಾಮ್ಲದಲ್ಲಿ ಹಾಕಿದರೆ ಸುಣ್ಣ ಆಮ್ಲವನ್ನು ಹಿಡಿದು ಜಿಪ್ಸಮ್ ಆಗುತ್ತದೆ, ಹಳೆಯ ಸಂಗಾತಿ ಗಾಳಿಯಾಗಿ ಹಾರಿಹೋಗುತ್ತಾನೆ. ನಾಲ್ಕು ವಸ್ತು ಕೂಡಿಸಿದರೆ ಎರಡು ಜೋಡಿ ಒಡೆದು ಎರಡು ಹೊಸ ಜೋಡಿ. ಎಡುವರ್ಡ್ ತಮಾಷೆಗೆ ತಮ್ಮನ್ನೇ ಆ ವಸ್ತುಗಳ ಜಾಗದಲ್ಲಿ ಇಟ್ಟು ನೋಡುತ್ತಾನೆ. ಶಾರ್ಲೊಟ್ಟೆಯ ಆಶ್ರಯದಲ್ಲಿದ್ದ ಓಟಿಲಿ ಎಂಬ ಹುಡುಗಿ ಮನೆಗೆ ಬಂದ ಮೇಲೆ ತಮಾಷೆ ನಿಜವಾಗುತ್ತದೆ. ಎಡುವರ್ಡ್ ಓಟಿಲಿಯ ಕಡೆಗೆ, ಶಾರ್ಲೊಟ್ಟೆ ಕ್ಯಾಪ್ಟನ್ ಕಡೆಗೆ. ಒಂದು ಮಗು ನೀರಿನಲ್ಲಿ ಮುಳುಗಿ ಸಾಯುತ್ತದೆ, ಕೊನೆಗೆ ಓಟಿಲಿಯೂ ಎಡುವರ್ಡನೂ ಉಳಿಯುವುದಿಲ್ಲ. ಇಬ್ಬರ ಕೆಮಿಸ್ಟ್ರಿ ಎಂದು ಇವತ್ತು ನಾವು ಹಗುರವಾಗಿ ಆಡುವ ಮಾತಿಗೆ ಇಷ್ಟು ಭಾರದ ಪೂರ್ವಜ ಇದ್ದಾನೆ.

ವಿಚಿತ್ರವೆಂದರೆ, ಕಾದಂಬರಿ ಅಚ್ಚಾಗುವ ಹೊತ್ತಿಗೆ ಅದರ ರಸಾಯನಶಾಸ್ತ್ರ ಹಳತಾಗಿತ್ತು. ಹಾಗೆ ಮಾಡಿದ್ದು ನೆಪೋಲಿಯನ್ನನ ಯುದ್ಧ. 1798ರಲ್ಲಿ ಅವನು ಈಜಿಪ್ಟಿಗೆ ದಂಡೆತ್ತಿ ಹೋದಾಗ ಜೊತೆಯಲ್ಲಿ ಒಯ್ದ ವಿದ್ವಾಂಸರ ಗುಂಪಿನಲ್ಲಿ ರಸಾಯನಶಾಸ್ತ್ರಜ್ಞ ಕ್ಲೋಡ್ ಲೂಯಿ ಬೆರ್ತೊಲೆ ಇದ್ದ. ಮರುಭೂಮಿಯ ನಡುವಿನ ಉಪ್ಪು ಸರೋವರಗಳ ದಂಡೆಯಲ್ಲಿ ಸೋಡಾ ಹೆಪ್ಪುಗಟ್ಟಿರುವುದನ್ನು ಅವನು ಕಂಡ; ಬಟ್ಟೆ ಒಗೆಯಲು ಬಳಸುವ ಸೋಡಾದ ಮೂಲ ಅದು. ಪ್ರಯೋಗಾಲಯದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣಕ್ಕೆ ಸೋಡಾ ಬೆರೆಸಿದರೆ ಸುಣ್ಣಕಲ್ಲೂ ಅಡುಗೆ ಉಪ್ಪೂ ಸಿಗುತ್ತವೆ. ಕೋಷ್ಟಕ ಹೇಳುವುದೂ ಅದನ್ನೇ. ಇಲ್ಲಿ ಸರೋವರದಲ್ಲಿ ಉಪ್ಪೂ ಸುಣ್ಣಕಲ್ಲೂ ಸೇರಿ ಸೋಡಾ ಆಗುತ್ತಿದೆ, ಅಂದರೆ ತಿರುಗಾಮುರುಗಾ. ಬೆರ್ತೊಲೆಗೆ ಹೊಳೆದದ್ದು ಇಷ್ಟು: ಉಪ್ಪು ಅಲ್ಲಿ ರಾಶಿ ರಾಶಿಯಾಗಿದೆ, ಬಿಸಿಲು ಸುಡುತ್ತಿದೆ, ಹುಟ್ಟಿದ ಸೋಡಾ ಹುಟ್ಟಿದ ಹಾಗೇ ದಂಡೆಗೆ ಸರಿಯುತ್ತಿದೆ. ಯಾರು ಯಾರನ್ನು ಕೂಡುತ್ತಾರೆ ಎಂಬುದು ಅವರವರ ಸ್ವಭಾವದಷ್ಟರಿಂದಲೇ ತೀರ್ಮಾನವಾಗುವುದಿಲ್ಲ. ಎಷ್ಟಿದ್ದಾರೆ, ಎಲ್ಲಿದ್ದಾರೆ, ಎಷ್ಟು ಬಿಸಿ, ಹುಟ್ಟಿದ್ದು ಅಲ್ಲೇ ಉಳಿಯುತ್ತದೋ ಆಚೆ ಹೋಗುತ್ತದೋ, ಎಲ್ಲ ಲೆಕ್ಕಕ್ಕೆ ಬರುತ್ತವೆ. 1803ರಲ್ಲಿ ಇದನ್ನೆಲ್ಲ ಸೇರಿಸಿ ಅವನು ಪುಸ್ತಕ ಬರೆದ. ಪ್ರತಿ ವಿವರದಲ್ಲೂ ಅವನು ಸರಿಯಿರಲಿಲ್ಲ. ಆದರೆ ಪ್ರಮಾಣ ಮುಖ್ಯ ಎಂಬ ಅವನ ಮಾತನ್ನು 1864ರಲ್ಲಿ ನಾರ್ವೆಯ ಗುಲ್ಡ್‌ಬರ್ಗ್ ಮತ್ತು ವಾಗೆ ಸೂತ್ರವಾಗಿ ಕಟ್ಟಿದರು. ಪಿಯುಸಿ ಓದಿದವರೆಲ್ಲ ರಾಸಾಯನಿಕ ಸಮತೋಲನದ ಪಾಠದಲ್ಲಿ ಅದನ್ನು ಉರುಹೊಡೆದಿರುತ್ತಾರೆ, ಅದರ ಹಿಂದೆ ಒಂದು ಮರುಭೂಮಿ ಇದೆ ಎಂದು ಯಾರೂ ಹೇಳಿರುವುದಿಲ್ಲ.

ಸೆಳೆತ ಇದ್ದರೂ ಏನೂ ಆಗದೆ ಇರಬಹುದು ಎಂಬುದು ಇನ್ನೊಂದು ತಿರುವು. ಕೊಟ್ಟಿಗೆಯ ಅಟ್ಟದಲ್ಲಿ ಒಟ್ಟಿದ ಕಟ್ಟಿಗೆಗೂ ಸುತ್ತಲಿನ ಆಮ್ಲಜನಕಕ್ಕೂ ಕೂಡುವ ಒಲವು ಬಲವಾಗಿಯೇ ಇದೆ. ಆದರೂ ವರ್ಷಗಟ್ಟಲೆ ಅಕ್ಕಪಕ್ಕ ಸುಮ್ಮನಿರುತ್ತವೆ. ಶುರುವಾಗಲು ಒಂದಿಷ್ಟು ಬಿಸಿ ಬೇಕು. ಹತ್ತು ನಿಮಿಷ ಉಪ್ಪಿಟ್ಟು ಕಾಫಿಯ ಎದುರು ಕೂತು ಎದ್ದು ಬಂದ ಹುಡುಗ ಕೆಮಿಸ್ಟ್ರಿ ಇಲ್ಲವೆಂದು ತೀರ್ಪು ಕೊಡುವಾಗ ನನಗೆ ಇದು ನೆನಪಾಗುತ್ತದೆ.

ಆ ಹುಡುಗನ ಮದುವೆ ಎಲ್ಲೋ ಗೊತ್ತಾಗಿಯೇ ಆಗುತ್ತದೆ. ಆಗ ಮನೆಯಲ್ಲಿ ನಡೆಯುವ ಎರಡು ಶಾಸ್ತ್ರಗಳಲ್ಲಿ ಅಸಲಿ ರಸಾಯನಶಾಸ್ತ್ರವಿದೆ. ನಿಶ್ಚಿತಾರ್ಥಕ್ಕೆ ತಾಂಬೂಲ ಬದಲಾಯಿಸುತ್ತಾರೆ. ಎಲೆ ಹಸಿರು, ಸುಣ್ಣ ಬಿಳುಪು, ಅಡಿಕೆ ಕಂದು. ಜಗಿದ ಬಾಯಿ ಮಾತ್ರ ಕೆಂಪು. ಅಡಿಕೆಯಲ್ಲಿರುವ ಒಗರಿನ ಪದಾರ್ಥಗಳು ಸುಣ್ಣದ ಕ್ಷಾರದಲ್ಲಿ ಗಾಳಿಯ ಆಮ್ಲಜನಕದೊಡನೆ ವರ್ತಿಸಿ ಬರುವ ಬಣ್ಣ ಅದು. ಇನ್ನು ಹೊಸ ಜೋಡಿ ಹೊಸ್ತಿಲಿಗೆ ಬಂದಾಗ ಎತ್ತುವ ಕೆಂಪಾರತಿ: ನೀರಿಗೆ ಅರಿಶಿನ, ಮೇಲೊಂದು ಚಿಟಿಕೆ ಸುಣ್ಣ. ಅರಿಶಿನದ ಕುರ್ಕ್ಯುಮಿನ್ ಕ್ಷಾರ ತಾಗಿದೊಡನೆ ಕೆಂಪಾಗುತ್ತದೆ. ಬಿಳಿ ಅಂಗಿಯ ಮೇಲೆ ಬಿದ್ದ ಸಾರಿನ ಕಲೆಗೆ ಸೋಪು ಹಚ್ಚಿದಾಗ ಕೆಂಪಗಾಗಿ ಗಾಬರಿ ಹುಟ್ಟಿಸುವುದೂ ಇದೇ. ಎರಡೂ ಕೆಂಪೇ, ಆದರೆ ಜಾತಿ ಬೇರೆ. ಆರತಿ ನೀರಿಗೆ ಆಗಲೇ ನಿಂಬೆರಸ ಹಿಂಡಿದರೆ ಹಳದಿ ಮರಳಿ ಬರುತ್ತದೆ. ತಾಂಬೂಲದ ಕೆಂಪು ಹೀಗೆ ಮರಳುವುದಿಲ್ಲ. ಇಬ್ಬರ ನಡುವೆ ಏನೋ ಆಯಿತು ಎಂದ ಮೇಲೆ ಅದು ಯಾವ ಬಗೆಯ ಕೆಂಪು ಎಂದು ವಿಮರ್ಶಕರು ಕೇಳುವುದೇ ಇಲ್ಲ. (ಶಾಸ್ತ್ರ ಬೇರೆ, ಚಟ ಬೇರೆ: ಅಡಿಕೆ ಜಗಿಯುವುದು ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ವರ್ಗೀಕರಿಸಿದೆ.)

ಹಾಗಾದರೆ ಯಾರೊಂದಿಗೂ ಕೆಮಿಸ್ಟ್ರಿಯೇ ಇಲ್ಲದವರು ಇದ್ದಾರೆಯೇ? ಇದ್ದಾರೆ ಎಂದು ಬಹಳ ಕಾಲ ನಂಬಲಾಗಿತ್ತು, ಮತ್ತು ಆ ಕಥೆಯಲ್ಲಿ ಬೆಂಗಳೂರಿಗೊಂದು ಪಾಲಿದೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಆರ್ಗಾನ್. 1894ರಲ್ಲಿ ಅದನ್ನು ಪತ್ತೆಹಚ್ಚಿದ ವಿಲಿಯಂ ರಾಮ್ಸೆ ಮತ್ತು ಲಾರ್ಡ್ ರ‍್ಯಾಲಿ ಅದನ್ನು ಯಾವುದರೊಂದಿಗೂ ಕೂಡಿಸಲಾಗದೆ ಗ್ರೀಕ್ ಭಾಷೆಯಲ್ಲಿ ಸೋಮಾರಿ ಎಂದು ಹೆಸರಿಟ್ಟರು. 1898ರಲ್ಲಿ ರಾಮ್ಸೆ ತನ್ನ ಕಿರಿಯ ಸಹೋದ್ಯೋಗಿಯೊಡನೆ ದ್ರವಗಾಳಿಯನ್ನು ಸೋಸಿ ಕೆಲವೇ ವಾರಗಳಲ್ಲಿ ಇನ್ನೂ ಮೂರು ಸೋಮಾರಿಗಳನ್ನು ಹಿಡಿದ: ಕ್ರಿಪ್ಟಾನ್, ನಿಯಾನ್, ಕ್ಸೆನಾನ್. ಆ ಸಹೋದ್ಯೋಗಿ ಮಾರಿಸ್ ಟ್ರಾವರ್ಸ್. ಹಳೆಯ ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ನಿರ್ದೇಶಕ ಅವನೇ. 1906ರಲ್ಲಿ ಬಂದು 1914ರಲ್ಲಿ ಹೊರಟುಹೋದ.

ಜಡ ಅನಿಲಗಳು ಎಂದು ಪಠ್ಯಪುಸ್ತಕಗಳು ಇವಕ್ಕೆ ಹಣೆಪಟ್ಟಿ ಹಚ್ಚಿದವು. ಎಲೆಕ್ಟ್ರಾನ್ ಹೊದಿಕೆ ಭರ್ತಿಯಾಗಿದೆ, ಕೊಡುವುದೂ ಇಲ್ಲ ಕೊಳ್ಳುವುದೂ ಇಲ್ಲ ಎಂಬ ವಿವರಣೆಯೂ ಸೇರಿತು. 1962ರಲ್ಲಿ ಕೆನಡಾದ ವ್ಯಾಂಕೂವರ್‌ನಲ್ಲಿ ನೀಲ್ ಬಾರ್ಟ್‌ಲೆಟ್ ಪ್ಲಾಟಿನಂ ಹೆಕ್ಸಾಫ್ಲೋರೈಡ್ ಎಂಬ ಮಹಾ ಕಿತ್ತಾಟದ ಅನಿಲದೊಡನೆ ಕೆಲಸ ಮಾಡುತ್ತಿದ್ದ. ಅದು ಆಮ್ಲಜನಕದ ಅಣುವಿನಿಂದಲೇ ಒಂದು ಎಲೆಕ್ಟ್ರಾನ್ ಕಸಿದುಕೊಂಡಿತ್ತು. ಆಮ್ಲಜನಕದಿಂದ ಎಲೆಕ್ಟ್ರಾನ್ ಕೀಳಲು ಬೇಕಾದ ಶಕ್ತಿಯೂ ಕ್ಸೆನಾನಿನಿಂದ ಕೀಳಲು ಬೇಕಾದ ಶಕ್ತಿಯೂ ಹೆಚ್ಚುಕಡಿಮೆ ಒಂದೇ ಎಂಬುದು ಅವನ ಕಣ್ಣಿಗೆ ಬಿತ್ತು. ಕ್ಸೆನಾನಿಗೂ ಅದೇ ಹೆಕ್ಸಾಫ್ಲೋರೈಡ್ ಸೇರಿಸಿದ. ಹಳದಿ ಮಿಶ್ರಿತ ಕಿತ್ತಳೆ ಬಣ್ಣದ ಘನವೊಂದು ಕೂತಿತು. 60ಕ್ಕೂ ಹೆಚ್ಚು ವರ್ಷಗಳ ‘ಕೆಮಿಸ್ಟ್ರಿ ಇಲ್ಲ’ ಎಂಬ ತೀರ್ಪು ಅಲ್ಲಿಗೆ ಮುಗಿಯಿತು. 2000ದಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಸೋಮಾರಿ ಆರ್ಗಾನನ್ನೂ ಕಡುಚಳಿಯಲ್ಲಿ, ಸೊನ್ನೆಗಿಂತ 240 ಡಿಗ್ರಿಗೂ ಕೆಳಗೆ, ಸಂಯುಕ್ತವೊಂದರಲ್ಲಿ ಕೂಡಿಸಿದರು. ಬೆಚ್ಚಗಾದರೆ ಬಿಟ್ಟುಹೋಗುತ್ತದೆ, ಆದರೂ ಕೂಡಿದ್ದು ಸುಳ್ಳಲ್ಲ.

ಇನ್ನೊಂದು ತುದಿಯಲ್ಲಿ, ಒಂದೇ ಒಂದು ಅಣು ಎಲ್ಲವನ್ನೂ ನಡೆಸುವ ಪ್ರೀತಿಯೂ ಇದೆ. ಅದು ನಮ್ಮಲ್ಲೇ, ರೇಷ್ಮೆ ಬಿತ್ತನೆ ಕೋಠಿಗಳಲ್ಲಿ ದಿನನಿತ್ಯ ನಡೆಯುತ್ತದೆ. ಗೂಡಿನಿಂದ ಹೊರಬಂದ ಹೆಣ್ಣು ಚಿಟ್ಟೆ ಹೊಟ್ಟೆಯ ತುದಿಯ ಗ್ರಂಥಿ ಚಾಚಿ ಕೂತಿತೆಂದರೆ ಸಾಕು, ಗಂಡು ರೆಕ್ಕೆ ಬಡಿಯುತ್ತ ಅಡ್ಡಾದಿಡ್ಡಿ ನಡೆದು ಅದರತ್ತ ಬರುತ್ತದೆ. ಜರ್ಮನಿಯ ಅಡಾಲ್ಫ್ ಬುಟೆನಾಂಟ್ ಸುಮಾರು 5 ಲಕ್ಷ ಹೆಣ್ಣು ಚಿಟ್ಟೆಗಳ ಗ್ರಂಥಿಗಳನ್ನು ಸೋಸಿ 1959ರಲ್ಲಿ ಆ ವಾಸನೆಯ ಪದಾರ್ಥವನ್ನು ಗುರುತಿಸಿದ. 16 ಇಂಗಾಲಗಳ ಸರಪಳಿಯ ಆಲ್ಕೊಹಾಲ್ ಅದು. ರೇಷ್ಮೆ ಹುಳುವಿನ ಕುಲನಾಮದಿಂದ ಬಾಂಬಿಕಾಲ್ ಎಂದು ಹೆಸರಾಯಿತು. ರಾಸಾಯನಿಕವಾಗಿ ಗುರುತಿಸಲಾದ ಮೊದಲ ಫೆರೊಮೋನ್ ಇದೇ. ಇಷ್ಟು ಶುದ್ಧ ಕೆಮಿಸ್ಟ್ರಿ ಇದ್ದೂ ಬಿತ್ತನೆ ಕೋಠಿಯಲ್ಲಿ ಸ್ವಯಂವರಕ್ಕೆ ಅವಕಾಶವಿಲ್ಲ. ಕೋಶದ ಹಂತದಲ್ಲೇ ಗಂಡು ಹೆಣ್ಣು ಬೇರೆ ಮಾಡುತ್ತಾರೆ, ಮೈಸೂರು ತಳಿಯ ಹೆಣ್ಣಿಗೆ ದ್ವಿತಳಿಯ ಗಂಡನ್ನು ಕೂಡಿಸುತ್ತಾರೆ, ಕೆಲವು ಗಂಟೆಗಳ ನಂತರ ಬಿಡಿಸಿ ಗಂಡನ್ನು ತಂಪಿನಲ್ಲಿಟ್ಟು ಇನ್ನೊಂದು ಮದುವೆಗೆ ಕಾದಿರಿಸುತ್ತಾರೆ. ಸಂಬಂಧ ಗೊತ್ತುಮಾಡುವವರು ಕೋಠಿಯವರೇ.

ಮನುಷ್ಯರಲ್ಲಿ ಇಂಥ ಒಂದು ಫೆರೊಮೋನನ್ನು ಯಾರೂ ಇದುವರೆಗೆ ಖಚಿತವಾಗಿ ತೋರಿಸಿಲ್ಲ. ಹಾಗೆಂದು ಮಾರುವ ಸೆಂಟಿನ ಬಾಟಲಿಗಳಿಗೇನೂ ಕೊರತೆಯಿಲ್ಲ. ಆ ಖಾಲಿ ಜಾಗವನ್ನು ಇತ್ತೀಚೆಗೆ ಆಕ್ಸಿಟೋಸಿನ್ ತುಂಬಿದೆ. ಅಮೆರಿಕದ ಹುಲ್ಲುಗಾವಲಿನ ವೋಲ್ ಎಂಬ ಇಲಿಗಳು ಜೋಡಿ ಕಟ್ಟಿ ಬಾಳುತ್ತವೆ, ಆ ಬಂಧಕ್ಕೆ ಆಕ್ಸಿಟೋಸಿನ್ ಬೇಕೇ ಬೇಕು ಎಂದು ದಶಕಗಳ ಪ್ರಯೋಗಗಳು ಸೂಚಿಸಿದ್ದವು. ‘ಪ್ರೇಮದ ಹಾರ್ಮೋನ್’ ಎಂಬ ಬಿರುದು ಹುಟ್ಟಿದ್ದು ಹೀಗೆ. 2023ರಲ್ಲಿ ಕ್ಯಾಲಿಫೋರ್ನಿಯಾದ ವಿಜ್ಞಾನಿಗಳು ವಂಶವಾಹಿ ತಿದ್ದಿ, ಆಕ್ಸಿಟೋಸಿನ್ನನ್ನು ಗ್ರಹಿಸುವ ಗ್ರಾಹಕವೇ ಇಲ್ಲದ ವೋಲ್‌ಗಳನ್ನು ಹುಟ್ಟಿಸಿದರು. ಅವೂ ಜೋಡಿ ಕಟ್ಟಿದವು. ಹಾರ್ಮೋನಿಗೆ ಕೆಲಸವೇ ಇಲ್ಲ ಎಂದಲ್ಲ. ಒಂದು ದಾರಿ ಹುಟ್ಟಿನಿಂದಲೇ ಮುಚ್ಚಿದ್ದರೆ ಇಲಿಯ ಮಿದುಳು ಬೇರೆ ದಾರಿ ಹುಡುಕಿಕೊಳ್ಳುವಂತೆ ಕಾಣುತ್ತದೆ.

ಜೋಡಿ ಕಟ್ಟುವುದು ಒಂದೇ ಒಂದು ಸಂಗತಿಯಲ್ಲ ಎಂಬುದು ಸಿನಿಮಾದವರಿಗೆ ಬಹಳ ಹಿಂದೆಯೇ ಗೊತ್ತಿತ್ತು ಎನಿಸುತ್ತದೆ. ಕನ್ನಡದಲ್ಲಿ ಕೆಮಿಸ್ಟ್ರಿ ಎಂಬ ಪದ ಪುಟ ಹತ್ತುವ ಮುಂಚೆ ‘ಜೋಡಿ’ ಎಂದರೆ ಸಾಕಿತ್ತು. ಅನಂತನಾಗ್ ಮತ್ತು ಲಕ್ಷ್ಮಿ ಜೋಡಿಯನ್ನೇ ನೋಡಿ. 1979ರಲ್ಲಿ ‘ನಾ ನಿನ್ನ ಬಿಡಲಾರೆ’, ‘ಚಂದನದ ಗೊಂಬೆ’, ಆಮೇಲೆ 1983ರಲ್ಲಿ ‘ಬೆಂಕಿಯ ಬಲೆ’. ಒಂದು ಭೂತದ ಕಥೆ, ಉಳಿದವು ಸಂಸಾರದ ಕಥೆಗಳು. ಮಧ್ಯಮ ವರ್ಗದ ಮನೆ, ಅಲ್ಲಿನ ಸಿಟ್ಟು ಸೆಡವು, ಮತ್ತೆ ಮತ್ತೆ ಅದೇ ಇಬ್ಬರು. ಯುಗಳಗೀತೆಯಲ್ಲಿ ನಾವು ಕರಗಿದ್ದು ತೆರೆಯ ಹಿಂದಿನ ಇನ್ನಿಬ್ಬರ ದನಿಗೆ. ಕ್ಯಾಮೆರಾ ಎಲ್ಲಿ ನಿಂತಿತ್ತು, ಸಂಕಲನಕಾರ ಯಾರ ನೋಟವನ್ನು ಎಷ್ಟು ಹೊತ್ತು ಉಳಿಸಿದ, ಇದೆಲ್ಲ ಸೇರಿ ಒಂದು ಜೋಡಿ. ವಿಮರ್ಶಕ ಅದನ್ನು ಇಬ್ಬರ ಖಾತೆಗೆ ಜಮಾ ಮಾಡಿ ಕೈತೊಳೆದುಕೊಳ್ಳುತ್ತಾನೆ. ಬೆರ್ತೊಲೆ ಕೇಳಿದ್ದರೆ ಒಪ್ಪುತ್ತಿರಲಿಲ್ಲ.

ಇನ್ನು ಪುಟದ ಕೆಳಗಿನ ಜಾಹೀರಾತು. ಆಲೆಮನೆಯಲ್ಲಿ ಕೊಪ್ಪರಿಗೆಯ ಕಬ್ಬಿನಹಾಲು ಕುದಿಯುವಾಗ ಮಡ್ಡಿ ತೆಗೆಯಲು ಸುಣ್ಣ ಹಾಕುವುದು ಹಳೆಯ ಪದ್ಧತಿ. ಬೆಂಡೆ ಗಿಡದ ಲೋಳೆಯನ್ನೂ ಹಾಕುತ್ತಿದ್ದರು. ಬೆಲ್ಲ ಚಿನ್ನದ ಬಣ್ಣಕ್ಕೆ ಬರಲಿ ಎಂದು ಹಾಕುವುದು ಹೈಡ್ರೋಸ್, ಅಂದರೆ ಸೋಡಿಯಂ ಹೈಡ್ರೋಸಲ್ಫೈಟ್; ಬಟ್ಟೆಯ ಬಣ್ಣ ತೆಗೆಯಲೂ ಬಳಸುವ ಪದಾರ್ಥ. ಅದು ಬೆಲ್ಲದಲ್ಲಿ ಗಂಧಕದ ಅಂಶ ಬಿಡುತ್ತದೆ, ಮಿತಿ ಮೀರಿದರೆ, ಅದರಲ್ಲೂ ಉಬ್ಬಸದವರಿಗೆ, ಒಳ್ಳೆಯದಲ್ಲ. ಈ ದೂರು ನ್ಯಾಯವಾದದ್ದೇ. ಆದರೆ ‘ಕೆಮಿಕಲ್ ಮುಕ್ತ’ ಎಂಬ ಚೀಟಿ ಹೈಡ್ರೋಸ್ ಇಲ್ಲ ಎನ್ನುತ್ತಿದೆಯೋ, ಸುಣ್ಣವೂ ಇಲ್ಲ ಎನ್ನುತ್ತಿದೆಯೋ, ಬರೀ ಅಚ್ಚುಹಾಕಿಸಿದ್ದೋ ತಿಳಿಯುವುದಿಲ್ಲ. ಸಕ್ಕರೆಯ ಅಣುವಿನಲ್ಲೂ 12 ಇಂಗಾಲ, 22 ಜಲಜನಕ, 11 ಆಮ್ಲಜನಕ ಇವೆ; ಕೆಮಿಕಲ್ ಪೂರ್ತಿ ತೆಗೆದರೆ ಡಬ್ಬಿಯಲ್ಲಿ ಉಳಿಯುವುದು ನಿರ್ವಾತ. ಅತ್ತ ಮೈಲುತುತ್ತ ಅಪ್ಪಟ ರಾಸಾಯನಿಕ. ಆದರೂ ಮಲೆನಾಡಿನಲ್ಲಿ ಅದಕ್ಕೆ ಔಷಧಿ ಎಂಬ ಮರ್ಯಾದೆ. ಸಾವಯವ ಕೃಷಿಯ ಹಲವು ನಿಯಮಾವಳಿಗಳೂ ಬೋರ್ಡೋ ದ್ರಾವಣವನ್ನು ಮಿತಿ ಹಾಕಿ ಒಪ್ಪುತ್ತವೆ. ಆ ಮಿತಿಗೆ ಕಾರಣವಿದೆ: ತಾಮ್ರ ಮಣ್ಣಿನಲ್ಲಿ ಕರಗಿ ಹೋಗುವುದಿಲ್ಲ, ವರ್ಷ ವರ್ಷ ಸೇರುತ್ತ ಹೋಗುತ್ತದೆ.

ಹೈಡ್ರೋಸ್ ಹಾಕಲು ಆಲೆಮನೆಯವನಿಗೆ ವಿಶೇಷ ಆಸೆಯೇನಿಲ್ಲ, ಅದಕ್ಕೂ ದುಡ್ಡು ಬೇಕು. ಕಪ್ಪು ಬೆಲ್ಲವನ್ನು ಮಂಡಿಯಲ್ಲಿ ಕಡಿಮೆ ದರಕ್ಕೆ ಕೂಗಿ, ಹಳದಿ ಬೆಲ್ಲವನ್ನು ಹಬ್ಬಕ್ಕೆಂದು ಹೆಚ್ಚು ಕೊಟ್ಟು ಕೊಂಡವರು ನಾವು. ಈಗ ಕಪ್ಪು ಬೆಲ್ಲಕ್ಕೆ ಹೆಚ್ಚು ಬೆಲೆ ಕೊಡಲು ಶುರುಮಾಡಿದ್ದೇವೆ. ಅಂಗಡಿಯಲ್ಲಿ ‘ಕೆಮಿಕಲ್ ಇದೆಯಾ’ ಎಂದು ಕೇಳಿದರೆ ಯಾವ ವ್ಯಾಪಾರಿಯೂ ‘ಇದೆ’ ಎನ್ನುವುದಿಲ್ಲ. ‘ಹೈಡ್ರೋಸ್ ಎಷ್ಟು ಹಾಕಿದಾರೆ’ ಎಂದು ಕೇಳಿದರೆ, ಕೆಲವರಾದರೂ ಆಲೆಮನೆಗೆ ಫೋನ್ ಮಾಡುತ್ತಾರೆ.